ನಾದುವುದು ಯಂತ್ರಕ್ಕೆ, ಕಾಯುವುದು ನಮಗೆ

ನಮ್ಮಣ್ಣ ನ್ಯೂಜೆರ್ಸಿಯ ನೌಕರಿ ಬಿಟ್ಟು ಧಾರವಾಡಕ್ಕೆ ಮರಳಿದಾಗ ವೈನಿ ತಂದ ಸಾಮಾನಿನಲ್ಲಿ ಒಂದು ಬ್ರೆಡ್ ಯಂತ್ರವೂ ಇತ್ತು. ಅಕ್ಕಿ ಡಬ್ಬಿಯಷ್ಟು ಎತ್ತರ, ಮೇಲೊಂದು ಮುಚ್ಚಳ, ಮುಚ್ಚಳಕ್ಕೆ ಗಾಜಿನ ಕಿಂಡಿ. ಒಳಗೆ ಹಿಟ್ಟು ಅಂಟದಂತೆ ಲೇಪ ಹಚ್ಚಿದ ಪಾತ್ರೆ, ಅದರ ತಳದಲ್ಲಿ ತಿರುಗುವ ಪುಟ್ಟ ರೆಕ್ಕೆ. ನೀರು, ಹಿಟ್ಟು, ಉಪ್ಪು, ಯೀಸ್ಟ್ ಹಾಕಿ ಗುಂಡಿ ಒತ್ತಿದರೆ ಮೂರೂವರೆ ತಾಸಿನಲ್ಲಿ ಬ್ರೆಡ್ ತಯಾರು ಎಂದು ವೈನಿ ವಿವರಿಸುತ್ತಿದ್ದಾಗ ಅವ್ವ ಅದನ್ನು ನಾಲ್ಕೂ ಕಡೆಯಿಂದ ನೋಡಿದಳು. ಆಮೇಲೆ ಕೇಳಿದಳು: "ಕೈ ಹತ್ತಲಾರದ ಹಿಟ್ಟಿಂದ ಅದೆಂಥಾ ರೊಟ್ಟಿ ಆಗತದವಾ?"

ವೈನಿಯ ತಕರಾರು ಬೇರೆ. ನ್ಯೂಜೆರ್ಸಿಯಲ್ಲಿ ಅವರಿದ್ದ ಓಣಿಯ ಮೂಲೆಗೆ ಇಟಲಿ ಮೂಲದವರ ಬೇಕರಿಯೊಂದು ಇತ್ತಂತೆ. ಅಲ್ಲಿನ ಬ್ರೆಡ್ಡಿನ ಹೊರಪದರ ಹಲ್ಲಿಗೆ ಸಿಕ್ಕರೆ ಕರಕರ ಎನ್ನುತ್ತಿತ್ತು, ಒಳಗಿನ ತಿರುಳಿನ ತುಂಬ ಸಣ್ಣ-ದೊಡ್ಡ ತೂತುಗಳು, ಅಗಿದಷ್ಟೂ ರುಚಿ. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ 'ಇಟಾಲಿಯನ್ ಬ್ರೆಡ್' ಎಂಬ ಹೆಸರಿನಡಿ ಕೊಟ್ಟ ವಿಧಾನದಂತೆ ಮಾಡಿದರೆ ಬರುತ್ತಿದ್ದದ್ದು ಮೆತ್ತನೆಯ, ತುಸು ಸಿಹಿಯಾದ, ಪೆಟ್ಟಿಗೆಯಾಕಾರದ ಬ್ರೆಡ್. ಚಹಾದ ಜೊತೆ ತಿನ್ನಲು ಅಡ್ಡಿಯಿಲ್ಲ. ಆದರೆ ಅದು ಇಟಲಿಯದಲ್ಲ.

ಅವ್ವನ ಪ್ರಶ್ನೆ, ವೈನಿಯ ತಕರಾರು, ಇವೆರಡರ ಬೆನ್ನು ಹತ್ತಿ ಎರಡು ವರ್ಷ ನಾನು ಆ ಯಂತ್ರದೊಡನೆ ಕೆಲಸ ಮಾಡಿದ್ದೇನೆ. ನನಗೆ ತಿಳಿದದ್ದು ಇಷ್ಟು. ಬ್ರೆಡ್ ಯಂತ್ರ ಬಹಳ ಒಳ್ಳೆಯ ನಾದುಗಾರ, ಸಾಧಾರಣ ಒಲೆ. ಇಟಲಿಯ ಬ್ರೆಡ್ಡಿಗೆ ಬೇಕಾದ ಮೂರು ಸಂಗತಿಗಳಾದ ಸಮಯ, ನೀರು, ಬೆಂಕಿ ಯಂತ್ರದ ಗುಂಡಿಯಲ್ಲಿ ಇಲ್ಲ. ಅವನ್ನು ನಾವೇ ಕೊಡಬೇಕು. ಕೊಟ್ಟರೆ ಮನೆಯಲ್ಲೇ ಅಂಥ ಬ್ರೆಡ್ ಖಂಡಿತ ಆಗುತ್ತದೆ.

ಮೊದಲು ಅವ್ವನ ಪ್ರಶ್ನೆ. ಈ ಯಂತ್ರ ಹುಟ್ಟಿದ್ದು ಇಟಲಿಯಲ್ಲೂ ಅಲ್ಲ, ಅಮೆರಿಕದಲ್ಲೂ ಅಲ್ಲ, ಜಪಾನಿನಲ್ಲಿ. ಒಸಾಕಾದ ಮತ್ಸುಶಿತಾ ಎಲೆಕ್ಟ್ರಿಕ್ ಕಂಪನಿ, ಅಂದರೆ ಇಂದಿನ ಪ್ಯಾನಸೋನಿಕ್, 1980ರ ದಶಕದ ನಡುವೆ ಮನೆಬಳಕೆಯ ಬ್ರೆಡ್ ಯಂತ್ರ ಮಾಡಲು ಹೊರಟಿತು. ಮೊದಮೊದಲ ಮಾದರಿಗಳಲ್ಲಿ ಬ್ರೆಡ್ ಹೊರಗೆ ಸೀದು, ಒಳಗೆ ಹಸಿಯಾಗಿ ಉಳಿಯುತ್ತಿತ್ತು. ಯಂತ್ರ ನಾದಿದ ಹಿಟ್ಟನ್ನೂ ಬೇಕರಿಯವರು ನಾದಿದ ಹಿಟ್ಟನ್ನೂ ಎಕ್ಸ್‌ರೇ ತೆಗೆದು ಹೋಲಿಸಿ ನೋಡಿದರೂ ತಪ್ಪು ಎಲ್ಲಿದೆಯೆಂದು ಹೊಳೆಯಲಿಲ್ಲ. ಆಗ ತಂಡದಲ್ಲಿದ್ದ ಇಕುಕೊ ತನಾಕಾ ಎಂಬ ಸಾಫ್ಟ್‌ವೇರ್ ತಜ್ಞೆ ಒಂದು ದಾರಿ ಸೂಚಿಸಿದರು. ಊರಿನಲ್ಲಿ ಒಳ್ಳೆಯ ಬ್ರೆಡ್ಡಿಗೆ ಹೆಸರಾಗಿದ್ದ ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲಿನ ಮುಖ್ಯ ಬೇಕರ್ ಬಳಿ ತಾವೇ ಶಿಷ್ಯೆಯಾಗಿ ನಿಂತು ಕಲಿತರು. ಆತ ಹಿಟ್ಟನ್ನು ಬರಿದೇ ಗುದ್ದುತ್ತಿರಲಿಲ್ಲ, ಎಳೆದು ಎಳೆದು ತಿರುಚುತ್ತಿದ್ದ. ಆ ಎಳೆತವನ್ನು ಯಂತ್ರಕ್ಕೆ ಹೇಗೆ ಕಲಿಸುವುದು? ಸುಮಾರು ಒಂದು ವರ್ಷದ ಪ್ರಯತ್ನದ ನಂತರ ಪಾತ್ರೆಯ ಒಳಮೈಗೆ ಏಣುಗಳನ್ನು ಕೂರಿಸಿದರು. ರೆಕ್ಕೆ ತಿರುಗುವಾಗ ಹಿಟ್ಟು ಆ ಏಣುಗಳಿಗೆ ತಡೆದು ನಿಲ್ಲುತ್ತದೆ, ರೆಕ್ಕೆ ಅದನ್ನು ಎಳೆಯುತ್ತದೆ, ಹಿಟ್ಟು ತಿರುಚಿಕೊಳ್ಳುತ್ತದೆ. 1987ರಲ್ಲಿ ಯಂತ್ರ ಮಾರುಕಟ್ಟೆಗೆ ಬಂತು.

ಜಪಾನಿನ ಆಡಳಿತ ಶಾಸ್ತ್ರಜ್ಞ ಇಕುಜಿರೊ ನೊನಾಕಾ 1991ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಈ ಪ್ರಸಂಗವನ್ನು ಬರೆದ ಮೇಲೆ ಅದು ಜಗತ್ತಿಗೆಲ್ಲ ಪಾಠವಾಯಿತು. ಬಾಯಲ್ಲಿ ಹೇಳಿಕೊಡಲಾಗದ, ಕೈಗಷ್ಟೇ ಗೊತ್ತಿರುವ ವಿದ್ಯೆಯನ್ನು ಹಿಡಿಯುವುದು ಹೇಗೆ ಎಂಬುದು ಅವರ ಲೇಖನದ ವಿಷಯ. ನಾನು ಅವ್ವನಿಗೆ ಹೇಳಿದ್ದೂ ಅದನ್ನೇ: ಈ ಡಬ್ಬಿಯೊಳಗೆ ಒಬ್ಬ ಬೇಕರಿಯವನ ಕೈ ಅದೆ ಅವ್ವಾ, ಕಾಣೂದಿಲ್ಲ ಅಷ್ಟೇ.

ಹಿಟ್ಟನ್ನು ಯಂತ್ರಕ್ಕೆ ಒಪ್ಪಿಸುವುದು ಹೊಸ ಕಾಲದ ಸೋಮಾರಿತನವೂ ಅಲ್ಲ. ರೋಮ್ ನಗರದ ಪೋರ್ತಾ ಮಜ್ಜೋರೆ ಎಂಬ ಹಳೆಯ ಬಾಗಿಲ ಬಳಿ ಯೂರಿಸಾಸಿಸ್ ಎಂಬ ಬೇಕರಿ ಮಾಲೀಕನ ಸಮಾಧಿ ಇದೆ. ಕ್ರಿಸ್ತಪೂರ್ವ ಒಂದನೇ ಶತಮಾನದ್ದು. ಅದರ ಮೇಲಂಚಿನ ಕೆತ್ತನೆಯಲ್ಲಿ ಬ್ರೆಡ್ ತಯಾರಿಯ ಪ್ರತಿ ಹಂತವೂ ಇದೆ: ಧಾನ್ಯ ಬೀಸುವುದು, ಜರಡಿ ಹಿಡಿಯುವುದು, ಉಂಡೆ ಕಟ್ಟುವುದು, ಒಲೆಗೆ ಹಾಕುವುದು, ತೂಗುವುದು. ಆ ಸಾಲಿನಲ್ಲಿ ಪ್ರಾಣಿಯೊಂದು ಸುತ್ತುತ್ತ ನಾದುವ ಯಂತ್ರವನ್ನು ತಿರುಗಿಸುವ ದೃಶ್ಯವೂ ಉಂಟು. ಪಾಂಪೆ ಪಟ್ಟಣದ ಬೇಕರಿಗಳಲ್ಲೂ ಅಂಥ ಕಲ್ಲಿನ ನಾದುಕುಂಡಗಳು ಸಿಕ್ಕಿವೆ. ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಒಲೆಯೊಳಗೇ ಉಳಿದು ಇದ್ದಿಲಾದ ಬ್ರೆಡ್ಡುಗಳು ಅಲ್ಲಿ ದೊರೆತಿವೆ. ದುಂಡನೆಯ ಬ್ರೆಡ್ಡಿಗೆ ಎಂಟು ಭಾಗವಾಗುವಂತೆ ಗೆರೆ ಹಾಕಿದ್ದು ಇಂದಿಗೂ ಕಾಣುತ್ತದೆ. ಎರಡು ಸಾವಿರ ವರ್ಷದ ಹಿಂದೆಯೇ ಆ ನಾಡಿನ ಬೇಕರಿಯವರು ನಾದುವ ಶ್ರಮವನ್ನು ತಮ್ಮ ತೋಳಿನಿಂದ ಇಳಿಸಿದ್ದರು. ಇಳಿಸದೆ ಉಳಿಸಿಕೊಂಡದ್ದು ಹಿಟ್ಟಿನ ಹದ ನೋಡುವ ಕಣ್ಣನ್ನು.

ನಾದುವುದು ಅಷ್ಟು ಮುಖ್ಯ ಏಕೆ ಎಂಬುದು ಜೋಳದ ರೊಟ್ಟಿ ಬಡಿಯುವವರಿಗೆ ಬೇಗ ಅರ್ಥವಾಗುತ್ತದೆ. ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕುತ್ತೇವೆ. ಅದರಲ್ಲಿ ಗ್ಲುಟೆನ್ ಇಲ್ಲ. ಬಿಸಿ ನೀರಿಗೆ ಪಿಷ್ಟ ಅಂಟಾಗಿ ಹಿಟ್ಟು ಒಂದುಗೂಡುತ್ತದೆ, ಆದರೆ ಎಳೆದರೆ ಹರಿಯುತ್ತದೆ. ಗೋಧಿಯ ಸ್ವಭಾವ ಬೇರೆ. ಅದರಲ್ಲಿ ಗ್ಲುಟೆನಿನ್, ಗ್ಲಯಡಿನ್ ಎಂಬ ಎರಡು ಪ್ರೋಟೀನುಗಳಿವೆ. ನೀರು ತಾಗಿ ನಾದಿದಾಗ ಇವು ಒಂದಕ್ಕೊಂದು ಹೆಣೆದು ಗ್ಲುಟೆನ್ ಎಂಬ ಬಲೆಯಾಗುತ್ತವೆ. ಮೊದಲನೆಯದು ಬಲೆಗೆ ಬಿಗಿ ಕೊಡುತ್ತದೆ, ಎರಡನೆಯದು ಹಿಗ್ಗುವ ಗುಣ ಕೊಡುತ್ತದೆ. ಯೀಸ್ಟ್ ಬಿಡುವ ಇಂಗಾಲದ ಡೈಆಕ್ಸೈಡ್ ಆ ಬಲೆಯಲ್ಲಿ ಸಿಕ್ಕಿಬಿದ್ದು ಹಿಟ್ಟು ಉಬ್ಬುತ್ತದೆ. ಹೋಳಿಗೆಯ ಕಣಕವನ್ನು ಎಣ್ಣೆ ಹಾಕಿ ನಾದಿ ನಾದಿ, ಎರಡು ತಾಸು ನೆನೆಯಲು ಬಿಟ್ಟು, ಬೆರಳಲ್ಲಿ ಎಳೆದರೆ ಹರಿಯದೆ ತೆಳ್ಳಗೆ ಬರುತ್ತದೆಯೋ ನೋಡುತ್ತೇವಲ್ಲ, ಇಟಲಿಯ ಬೇಕರಿಯವನು ನೋಡುವುದೂ ಅದೇ ಹದವನ್ನು. ಚಿಟಿಕೆ ಹಿಟ್ಟು ತೆಗೆದು ಬೆಳಕಿಗೆ ಹಿಡಿದು ಎಳೆದರೆ ಆಚೆಯ ಬೆಳಕು ಕಾಣಬೇಕು. ಈ ಹದಕ್ಕೆ ಕೈಯಲ್ಲಾದರೆ 12–15 ನಿಮಿಷ ಬೆವರು ಸುರಿಸಬೇಕು. ಹಿಟ್ಟು ನೀರಾಗಿದ್ದರಂತೂ ಅದು ಕೈಗೆ, ಕಟ್ಟೆಗೆ, ಬಳೆಗೆ ಅಂಟುತ್ತದೆ. ಯಂತ್ರ ಅದನ್ನು ಬೇಸರವಿಲ್ಲದೆ ಮಾಡುತ್ತದೆ. ಅದರ ಬೆಲೆಗೆ ತಕ್ಕ ಕೆಲಸ ಇದೊಂದೇ ಎಂದರೂ ನನಗೆ ಸಮಾಧಾನವೇ.

ಇಟಲಿಯಲ್ಲಿ 'ಇಟಾಲಿಯನ್ ಬ್ರೆಡ್' ಇಲ್ಲ

ಯಂತ್ರದ ಪುಸ್ತಕಗಳು 'ಇಟಾಲಿಯನ್ ಬ್ರೆಡ್' ಎಂದು ಒಂದೇ ಹೆಸರು ಬರೆಯುತ್ತವೆ. ಆ ದೇಶದಲ್ಲಿ ಹಾಗೆ ಕೇಳಿದರೆ ಯಾವ ಊರಿನದು ಎಂದು ತಿರುಗಿ ಕೇಳಿಯಾರು. ಬೆಳಗಾವಿಯ ಕುಂದಾ, ಧಾರವಾಡದ ಪೇಡೆ ಎನ್ನುವಂತೆ ಅಲ್ಲಿ ಬ್ರೆಡ್ಡಿಗೆ ಊರಿನ ಹೆಸರಿದೆ.

ಫ್ಲಾರೆನ್ಸ್ ಇರುವ ಟಸ್ಕನಿ ಪ್ರಾಂತದ ಬ್ರೆಡ್ಡಿಗೆ ಉಪ್ಪೇ ಇಲ್ಲ. ಪೀಸಾದವರು ಉಪ್ಪಿನ ಸಾಗಣೆ ತಡೆದದ್ದು, ಉಪ್ಪಿನ ಮೇಲಿನ ಸುಂಕ ವಿಪರೀತವಾದದ್ದು, ಹೀಗೆ ಅದಕ್ಕೆ ಹಲವು ಕಥೆಗಳಿವೆ. ಫ್ಲಾರೆನ್ಸಿನಿಂದ ಗಡೀಪಾರಾದ ಕವಿ ಡಾಂಟೆ ತನ್ನ ಮಹಾಕಾವ್ಯದಲ್ಲಿ ಪರದೇಶವಾಸದ ಕಷ್ಟವನ್ನು ಪರರ ಬ್ರೆಡ್ಡಿನ ಉಪ್ಪಿನ ರುಚಿಯಿಂದಲೇ ಹೇಳಿದ್ದಾನೆ, ಅಂದರೆ ಆ ವಾಡಿಕೆ 700 ವರ್ಷಕ್ಕೂ ಹಳೆಯದು. ಸಪ್ಪೆ ಬ್ರೆಡ್ ಅಲ್ಲಿಯ ಉಪ್ಪುಪ್ಪಾದ ಹಂದಿಮಾಂಸಕ್ಕೆ, ಗಿಣ್ಣಿಗೆ ಚೆನ್ನಾಗಿ ಹೊಂದುತ್ತದೆ. 2016ರಲ್ಲಿ ಐರೋಪ್ಯ ಒಕ್ಕೂಟ ಟಸ್ಕನಿಯ ಬ್ರೆಡ್ಡಿಗೆ ಭೌಗೋಳಿಕ ಮೂಲದ ಮಾನ್ಯತೆಯನ್ನೂ ಕೊಟ್ಟಿತು. ಆದರೆ ಯಂತ್ರದಲ್ಲಿ ಉಪ್ಪು ಬಿಟ್ಟು ಬ್ರೆಡ್ ಮಾಡಲು ಹೋಗಬೇಡಿ. ಉಪ್ಪು ಯೀಸ್ಟಿನ ಓಟಕ್ಕೆ ಕಡಿವಾಣ, ಗ್ಲುಟೆನ್ನಿಗೆ ಬಿಗಿ. ಟಸ್ಕನಿಯ ಬೇಕರಿಯವನು ಹಿಟ್ಟು ನೋಡಿ ಒಲೆಗೆ ಹಾಕುತ್ತಾನೆ, ಯಂತ್ರ ಗಡಿಯಾರ ನೋಡಿ ಬೇಯಿಸುತ್ತದೆ. ಉಪ್ಪಿಲ್ಲದ ಹಿಟ್ಟು ಅಷ್ಟರಲ್ಲಿ ಉಬ್ಬಿ ಕುಸಿದಿರುತ್ತದೆ.

ದಕ್ಷಿಣದ ಪೂಲ್ಯ ಪ್ರಾಂತದ ಅಲ್ತಾಮುರಾ ಊರಿನ ಬ್ರೆಡ್ ಡ್ಯೂರಮ್ ಗೋಧಿಯದು. ಹಳದಿ ತಿರುಳು, ದಪ್ಪ ಹೊರಪದರ. ಕನಿಷ್ಠ 3 ಮಿಲಿಮೀಟರ್ ಇರಬೇಕೆಂದು ನಿಯಮವೇ ಇದೆ. 2003ರಲ್ಲಿ ಇದಕ್ಕೂ ಅದೇ ಮಾನ್ಯತೆ ಸಿಕ್ಕಿತು. ಕುರಿ ಕಾಯುವವರು, ಹೊಲಕ್ಕೆ ಹೋಗುವವರು ದಿನಗಟ್ಟಲೆ ಕಟ್ಟಿಕೊಂಡು ಹೋಗುತ್ತಿದ್ದ ಬುತ್ತಿ ಇದು. ಮನೆಯಲ್ಲಿ ಹಿಟ್ಟು ನಾದಿ, ಊರಿನ ಸಾರ್ವಜನಿಕ ಒಲೆಗೆ ಕೊಟ್ಟು ಬೇಯಿಸಿಕೊಂಡು ಬರುವ ಪದ್ಧತಿ ಅಲ್ಲಿತ್ತು. ಯಾರ ಬ್ರೆಡ್ ಯಾರದೆಂದು ತಿಳಿಯಲು ಹಿಟ್ಟಿನ ಮೇಲೆ ಮನೆಯ ಗುರುತಿನ ಮರದ ಮುದ್ರೆ ಒತ್ತುತ್ತಿದ್ದರು. ಪಕ್ಕದ ಮತೇರಾ ಊರಿನಲ್ಲಿ ಆ ಮುದ್ರೆಗಳು ಇಂದು ಕುಶಲಕಲೆಯ ವಸ್ತುಗಳಾಗಿ ಉಳಿದಿವೆ. ಈ ಪದ್ಧತಿ ತಿಳಿದಾಗ ನನಗೆ ಬಹಳ ಸಂತೋಷವಾಯಿತು. ಹಿಟ್ಟು ಒಂದು ಕಡೆ, ಬೆಂಕಿ ಇನ್ನೊಂದು ಕಡೆ ಎಂಬುದು ಅಲ್ಲಿನ ಮನೆಗಳಿಗೆ ಸಹಜವಾಗಿತ್ತು. ನಾನು ಯಂತ್ರದಲ್ಲಿ ನಾದಿದ ಹಿಟ್ಟನ್ನು ಹೊರತೆಗೆದು ಓವನ್ನಿಗೆ ಒಯ್ಯುವಾಗ ಆ ಮನೆಗಳವರ ದಾರಿಯಲ್ಲೇ ನಡೆಯುತ್ತಿದ್ದೇನೆ.

ಎಲ್ಲರೂ ಪುರಾತನವೆಂದು ತಿಳಿದಿರುವ ಚಬಾತ್ತಾ ಮಾತ್ರ ತೀರಾ ಈಚಿನದು. ವೆನಿಸ್ ಇರುವ ವೆನೆತೊ ಪ್ರಾಂತದ ಆದ್ರಿಯಾ ಪಟ್ಟಣದಲ್ಲಿ ಅರ್ನಾಲ್ದೊ ಕವಲ್ಲಾರಿ ಎಂಬ ಹಿಟ್ಟಿನ ಗಿರಣಿ ಮಾಲೀಕನಿದ್ದ, ಹಿಂದೆ ರ‍್ಯಾಲಿ ಕಾರು ಓಡಿಸಿ ಹೆಸರು ಮಾಡಿದವನು. ಫ್ರಾನ್ಸಿನ ಉದ್ದನೆಯ ಬಗೆಟ್ ಬ್ರೆಡ್ ಇಟಲಿಯ ಅಂಗಡಿಗಳನ್ನು ತುಂಬುತ್ತಿರುವುದು ಅವನಿಗೆ ಸಹಿಸಲಿಲ್ಲ. ನೀರು ಹೆಚ್ಚಿದ ಹಿಟ್ಟಿನಲ್ಲಿ ಪ್ರಯೋಗ ಮಾಡುತ್ತ 1982ರಲ್ಲಿ ಚಪ್ಪಟೆಯಾದ, ಒಳಗೆ ತೂತು ತೂತಾದ ಬ್ರೆಡ್ಡೊಂದನ್ನು ಮಾಡಿದ. ಮನೆಯೊಳಗೆ ಮೆಟ್ಟುವ ಚಪ್ಪಲಿಯಂತೆ ಕಂಡಿದ್ದರಿಂದ ಅದೇ ಅರ್ಥದ ಚಬಾತ್ತಾ ಎಂಬ ಹೆಸರು ಬಂತು. ಬ್ರೆಡ್ ಯಂತ್ರಕ್ಕೂ ಚಬಾತ್ತಾಕ್ಕೂ ಐದೇ ವರ್ಷದ ಅಂತರ.

ಈ ಎಲ್ಲವುಗಳಲ್ಲಿ ಕಾಣದ ವಸ್ತುವೆಂದರೆ ಸಕ್ಕರೆ. ಹಾಲಿನ ಪುಡಿಯೂ ಇಲ್ಲ. ಯಂತ್ರದ ಪುಸ್ತಕಗಳು ಎರಡನ್ನೂ ಹಾಕಿಸುತ್ತವೆ, ಏಕೆಂದರೆ ಮೂರು ತಾಸಿನಲ್ಲಿ ಹಿಟ್ಟು ಉಬ್ಬಬೇಕು, ಕಡಿಮೆ ಶಾಖದಲ್ಲೂ ಹೊರಮೈ ಕೆಂಪಗಾಗಬೇಕು. ಯೀಸ್ಟಿಗೆ ಹೊರಗಿನ ಸಕ್ಕರೆಯ ಅಗತ್ಯವಿಲ್ಲ. ಹಿಟ್ಟಿನಲ್ಲೇ ಇರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಅದಕ್ಕೆ ಬೇಕಾದ ಸಕ್ಕರೆ ಒದಗಿಸುತ್ತದೆ. ಅದಕ್ಕೆ ಬೇಕಾದದ್ದು ಹೊತ್ತು.

ಹೆಪ್ಪಿನಂತೆ ಬಿಗಾ

ಆ ಹೊತ್ತನ್ನು ಕೊಡುವ ಇಟಲಿಯ ಉಪಾಯದ ಹೆಸರು ಬಿಗಾ. ಒಟ್ಟು ಹಿಟ್ಟಿನಲ್ಲಿ ಒಂದು ಭಾಗವನ್ನು ಹಿಂದಿನ ರಾತ್ರಿಯೇ ಕಡಿಮೆ ನೀರು, ಚಿಟಿಕೆ ಯೀಸ್ಟ್ ಹಾಕಿ ಒರಟಾಗಿ ಕಲಸಿಡುವುದು. ನಾದಬಾರದು, ಉಪ್ಪು ಹಾಕಬಾರದು. ಅಲ್ಲಲ್ಲಿ ಒಣಹಿಟ್ಟು ಕಾಣದಿದ್ದರೆ ಸಾಕು. ಇಟಲಿಯ ಬೇಕರಿಗಳು ಇದನ್ನು 16–18 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ 16ರಿಂದ 20 ತಾಸು ಇಡುತ್ತವೆ. ಅಷ್ಟು ಹೊತ್ತಿನಲ್ಲಿ ಯೀಸ್ಟ್ ನಿಧಾನವಾಗಿ ಬೆಳೆಯುತ್ತದೆ, ಕಿಣ್ವಗಳು ಹಿಟ್ಟನ್ನು ಒಡೆಯುತ್ತವೆ, ಸಣ್ಣ ಪ್ರಮಾಣದ ಆಮ್ಲಗಳು ಸೇರಿ ತೆಳ್ಳಗಿನ ಹುಳಿಯೂ ಸುವಾಸನೆಯೂ ಬರುತ್ತವೆ. ರಾತ್ರಿ ಹಾಲಿಗೆ ಹೆಪ್ಪು ಹಾಕಿ ಮಲಗುವ, ದೋಸೆ ಹಿಟ್ಟು ರುಬ್ಬಿಟ್ಟು ಮುಚ್ಚುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೈನಿ ಹುಡುಕುತ್ತಿದ್ದ ರುಚಿ ಇರುವುದು ಇಲ್ಲೇ. ಮೂರೂವರೆ ತಾಸಿನ ಕಾರ್ಯಕ್ರಮದಲ್ಲಿ ಅದು ಹುಟ್ಟಲು ವೇಳೆಯೇ ಇಲ್ಲ.

ಡಿಸೆಂಬರಿನ ಧಾರವಾಡದ ರಾತ್ರಿ ಬಿಗಾಕ್ಕೆ ಹೇಳಿಮಾಡಿಸಿದ ಹವೆ. ಏಪ್ರಿಲ್ ತಿಂಗಳಿನಲ್ಲಿ, ಅಥವಾ ಮಂಗಳೂರಿನ ಸೆಕೆಯಲ್ಲಿ, ಕಲಸಿ ಒಂದೆರಡು ತಾಸು ಹೊರಗಿಟ್ಟು ಆಮೇಲೆ ಫ್ರಿಜ್ಜಿನ ಕೆಳಗಿನ ಅರೆಗೆ ಸೇರಿಸುತ್ತೇನೆ.

ನನ್ನ ಅಳತೆ ಹೀಗೆ. ಬಿಗಾಕ್ಕೆ 200 ಗ್ರಾಂ ಮೈದಾ, 100 ಗ್ರಾಂ ನೀರು, ಒಂದು ಟೀ ಚಮಚದ ಎಂಟನೆಯ ಒಂದು ಪಾಲು ಇನ್‌ಸ್ಟಂಟ್ ಯೀಸ್ಟ್. ಬೆಳಿಗ್ಗೆ ಅದು ಉಬ್ಬಿ, ಮುರಿದರೆ ಒಳಗೆ ಜೇನುಹುಟ್ಟಿನಂತೆ ಕಂಡು, ತುಸು ಹಣ್ಣಿನ ವಾಸನೆ ಬರುತ್ತಿರಬೇಕು. ಯಂತ್ರದ ಪಾತ್ರೆಗೆ ಮೊದಲು 220 ಗ್ರಾಂ ನೀರು, ಒಂದು ದೊಡ್ಡ ಚಮಚ ಆಲಿವ್ ಎಣ್ಣೆ, ಬಿಗಾವನ್ನು ತುಂಡು ತುಂಡಾಗಿ ಮುರಿದು ಹಾಕಬೇಕು. ಮೇಲೆ 300 ಗ್ರಾಂ ಹಿಟ್ಟು. ಒಂದು ಮೂಲೆಗೆ 10 ಗ್ರಾಂ ಉಪ್ಪು, ಹಿಟ್ಟಿನ ನಡುವೆ ಗುಳಿ ಮಾಡಿ ಅರ್ಧ ಟೀ ಚಮಚ ಯೀಸ್ಟ್. ಕೆಲವು ಯಂತ್ರಗಳಲ್ಲಿ ಕ್ರಮ ತಿರುಗುಮುರುಗು, ಯೀಸ್ಟ್ ಎಲ್ಲಕ್ಕಿಂತ ಕೆಳಗೆ. ನಿಮ್ಮ ಯಂತ್ರದ ಪುಸ್ತಕ ಹೇಳಿದಂತೆ ಮಾಡಿ. ಈ ಅಳತೆ ದೊಡ್ಡ ಪಾತ್ರೆಯ ಯಂತ್ರಕ್ಕೆ, ಚಿಕ್ಕದಾದರೆ ಎಲ್ಲವನ್ನೂ ಅರ್ಧ ಮಾಡಿಕೊಳ್ಳಿ. ಲೋಟದ ಲೆಕ್ಕ ಬೇಡ, ತಕ್ಕಡಿಯೇ ಬೇಕು. ಬೇಕರಿಯವರು ಹಿಟ್ಟನ್ನು 100 ಎಂದಿಟ್ಟು ಉಳಿದದ್ದನ್ನೆಲ್ಲ ಅದರ ಶೇಕಡಾವಾರಿನಲ್ಲಿ ಹೇಳುತ್ತಾರೆ. ಇಲ್ಲಿ 500 ಗ್ರಾಂ ಹಿಟ್ಟಿಗೆ ನೀರು 320, ಅಂದರೆ ಶೇ 64. ಉಪ್ಪು ಶೇ 2. ಚಬಾತ್ತಾದಂಥ ಬ್ರೆಡ್ಡಿಗೆ ನೀರು ಶೇ 75ನ್ನೂ ದಾಟುತ್ತದೆ.

ಈಗ 'ಡೋ' ಎಂಬ ಕಾರ್ಯಕ್ರಮ ಒತ್ತಿ. ಇದು ನಾದಿ, ಒಮ್ಮೆ ಉಬ್ಬಿಸಿ ನಿಲ್ಲುತ್ತದೆ, ಬೇಯಿಸುವುದಿಲ್ಲ. ಸಾಮಾನ್ಯವಾಗಿ ಒಂದೂವರೆ ತಾಸು. ಹಿಟ್ಟು, ನೀರು ಬೆರೆತ ಕೂಡಲೇ, ಸುಮಾರು ಮೂರು ನಿಮಿಷಕ್ಕೆ, ಯಂತ್ರ ನಿಲ್ಲಿಸಿ 20 ನಿಮಿಷ ಸುಮ್ಮನೆ ಬಿಡುತ್ತೇನೆ. ಹಿಟ್ಟು ನೀರು ಕುಡಿಯುತ್ತದೆ, ಗ್ಲುಟೆನ್ ತಾನಾಗಿಯೇ ಹೆಣೆದುಕೊಳ್ಳಲು ಶುರುವಾಗುತ್ತದೆ. ಆಮೇಲೆ ಮತ್ತೆ ಮೊದಲಿನಿಂದ ಕಾರ್ಯಕ್ರಮ. ಐದು ನಿಮಿಷ ನಾದಿದ ಮೇಲೆ ಮುಚ್ಚಳ ತೆರೆದು ನೋಡಲೇಬೇಕು. ಯಂತ್ರದ ಮುಚ್ಚಳ ತೆರೆಯಬಾರದೆಂಬ ಭಯ ಹಲವರಿಗಿದೆ. ಬೇಯುವಾಗ ತೆರೆಯಬಾರದು ನಿಜ, ನಾದುವಾಗ ತೆರೆದರೆ ಏನೂ ಆಗದು. ಹಿಟ್ಟು ನುಣುಪಾದ ಉಂಡೆಯಾಗಿ, ತಳಕ್ಕೆ ಸ್ವಲ್ಪ ಅಂಟುತ್ತ ತಿರುಗುತ್ತಿರಬೇಕು. ಒರಟಾಗಿ ಹರಿಯುತ್ತಿದ್ದರೆ ಚಮಚ ಚಮಚವಾಗಿ ನೀರು ಸೇರಿಸಿ, ಒಟ್ಟು 20 ಗ್ರಾಂವರೆಗೆ. ಪಾಯಸದಂತೆ ಹರಡುತ್ತಿದ್ದರೆ ಒಂದೆರಡು ಚಮಚ ಹಿಟ್ಟು. ಅವ್ವ ಕೇಳಿದ ಕೈ ಇಲ್ಲಿ ಬೇಕು, ಕಣ್ಣಿನ ಜೊತೆಗೆ.

ಉಬ್ಬಿದ ಹಿಟ್ಟನ್ನು ಹಿಟ್ಟು ಉದುರಿಸಿದ ಕಟ್ಟೆಯ ಮೇಲೆ ಮೆಲ್ಲಗೆ ಸುರಿಯಿರಿ. ಗುದ್ದಿ ಗಾಳಿ ತೆಗೆಯಬೇಡಿ, ರಾತ್ರಿಯೆಲ್ಲ ಕಾದು ಪಡೆದ ಗಾಳಿ ಅದು. ನಾಲ್ಕು ಅಂಚುಗಳನ್ನು ಎಳೆದು ನಡುವಿಗೆ ಮಡಿಚಿ, ಮಗುಚಿ ಹಾಕಿ, ಅಂಗೈಯಿಂದ ತನ್ನತ್ತ ಎಳೆದುಕೊಳ್ಳುತ್ತ ಮೇಲ್ಮೈ ಬಿಗಿಯಾಗುವಂತೆ ದುಂಡು ಮಾಡಿ. ಒದ್ದೆ ಬಟ್ಟೆ ಮುಚ್ಚಿ 40–45 ನಿಮಿಷ ಬಿಡಿ. ಬೆರಳಲ್ಲಿ ಒತ್ತಿದರೆ ಗುಳಿ ನಿಧಾನವಾಗಿ ಅರ್ಧ ತುಂಬಬೇಕು. ಥಟ್ಟನೆ ತುಂಬಿದರೆ ಇನ್ನೂ ಬೇಕು, ತುಂಬಲೇ ಇಲ್ಲವೆಂದರೆ ತಡವಾಯಿತು.

ಬೆಂಕಿಯ ವಿಷಯದಲ್ಲಿ ಯಂತ್ರ ಸೋಲುವುದಕ್ಕೆ ಕಾರಣವಿದೆ. ಅದರ ಕಾಯಿಸುವ ತಂತಿ ಪಾತ್ರೆಯ ಕೆಳಭಾಗವನ್ನು ಸುತ್ತಿರುತ್ತದೆ, ಮೇಲಿನಿಂದ ಶಾಖ ಬರುವುದು ಕಡಿಮೆ, ಒಟ್ಟು ಶಾಖವೂ ಮಿತವಾದದ್ದು. ಇಟಲಿಯ ಬ್ರೆಡ್ಡಿಗೆ 220–230 ಡಿಗ್ರಿಯ ಕಾದ ಓವನ್ ಬೇಕು, ಮೊದಲ ಹತ್ತು-ಹದಿನೈದು ನಿಮಿಷ ಆವಿಯೂ ಬೇಕು. ಆವಿಯಿಂದ ಮೇಲ್ಮೈ ಮೆತ್ತಗಿದ್ದು ಬ್ರೆಡ್ ಪೂರ್ತಿ ಅರಳುತ್ತದೆ, ಮೇಲಿನ ಪಿಷ್ಟ ಅಂಟಾಗಿ ಆಮೇಲೆ ಹೊಳಪಿನ ಗರಿಗರಿ ಪದರವಾಗುತ್ತದೆ. ಮನೆಯ ಓಟಿಜಿಯಲ್ಲಿ ಆವಿ ನಿಲ್ಲುವುದಿಲ್ಲ. ಅದಕ್ಕೆ ನನಗೆ ಒಪ್ಪಿದ ಉಪಾಯ ಮುಚ್ಚಳವಿರುವ ಬೀಡಿನ ಪಾತ್ರೆ. ಇಟಲಿಯಲ್ಲಿ ಬ್ರೆಡ್ ಕಲಿತ ನ್ಯೂಯಾರ್ಕಿನ ಜಿಮ್ ಲೇಹಿ ಈ ಕ್ರಮವನ್ನು ಮನೆಮನೆಗೆ ತಲುಪಿಸಿದವರು. 2006ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅವರ ವಿಧಾನವನ್ನು ಪ್ರಕಟಿಸಿತ್ತು. ಖಾಲಿ ಪಾತ್ರೆಯನ್ನು ಓವನ್ನಿನಲ್ಲಿ ಅರ್ಧ ತಾಸು ಕಾಯಿಸಿ, ಹಿಟ್ಟಿನ ಮೇಲೆ ಬ್ಲೇಡಿನಿಂದ ಒಂದು ಗೀರು ಹಾಕಿ, ಬೆಣ್ಣೆ ಕಾಗದದ ಸಮೇತ ಇಳಿಸಿ ಮುಚ್ಚುವುದು. ಹಿಟ್ಟಿನ ತೇವವೇ ಆವಿ. 25 ನಿಮಿಷಕ್ಕೆ ಮುಚ್ಚಳ ತೆಗೆದು ಇನ್ನು 15 ನಿಮಿಷ. ಬುಡ ತಿರುಗಿಸಿ ಬೆರಳಿನಿಂದ ಬಡಿದರೆ ಒಳ್ಳೆಯ ಮಡಕೆಯಂತೆ ಟೊಳ್ಳು ಸದ್ದು ಬರಬೇಕು. ಪಾತ್ರೆ ನಿಮ್ಮ ಓವನ್ನಿನಲ್ಲಿ ಹಿಡಿಸುತ್ತದೆಯೋ ಮೊದಲೇ ಇಟ್ಟು ನೋಡಿ, ದಪ್ಪ ಕೈಗವಸು ಹಾಕಿಕೊಳ್ಳಿ.

ಓವನ್ನೇ ಇಲ್ಲದವರು ಯಂತ್ರದಲ್ಲೇ ಬೇಯಿಸಬಹುದು. 'ಫ್ರೆಂಚ್' ಎಂಬ ಉದ್ದನೆಯ ಕಾರ್ಯಕ್ರಮ, ಹೊರಪದರ ಕಪ್ಪಗಾಗುವ ಆಯ್ಕೆ. ಆದ ತಕ್ಷಣ ಪಾತ್ರೆಯಿಂದ ತೆಗೆಯಿರಿ, ಇಲ್ಲದಿದ್ದರೆ ಒಳಗಿನ ಆವಿಗೆ ಪಕ್ಕಗಳು ಒದ್ದೆಯಾಗುತ್ತವೆ. ಬಿಗಾದ ರುಚಿ ಸಿಗುತ್ತದೆ, ಕರಕರ ಸಿಗುವುದಿಲ್ಲ.

ಹಿಟ್ಟಿನ ಆಯ್ಕೆಯಲ್ಲಿ ನಮ್ಮವರು ವೃಥಾ ಹಣ ಕಳೆಯುವುದನ್ನು ನೋಡಿದ್ದೇನೆ. ಇಟಲಿಯ 'ಸೊನ್ನೆ ಸೊನ್ನೆ' ಹಿಟ್ಟು ಇಲ್ಲಿ ದುಬಾರಿ. ಆ ಸೊನ್ನೆಗಳು ಹಿಟ್ಟಿನ ಬಲವನ್ನು ಹೇಳುವುದಿಲ್ಲ, ತವುಡು ಎಷ್ಟು ತೆಗೆದಿದ್ದಾರೆ ಎಂಬುದನ್ನು ಹೇಳುತ್ತವೆ. ಹಿಟ್ಟು ಸುಟ್ಟಾಗ ಉಳಿಯುವ ಬೂದಿ ಶೇ 0.55 ಮೀರದಿದ್ದರೆ ಅದು ಸೊನ್ನೆ ಸೊನ್ನೆ, 0.65ರವರೆಗೆ ಸೊನ್ನೆ, ಆಮೇಲೆ ಒಂದು, ಎರಡು. ನಾವು ನೋಡಬೇಕಾದದ್ದು ಪೊಟ್ಟಣದ ಹಿಂದೆ ಬರೆದ ಪ್ರೋಟೀನ್. 100 ಗ್ರಾಮಿಗೆ 11 ಗ್ರಾಂ ಅಥವಾ ಹೆಚ್ಚಿರುವ ಮೈದಾ ಸಿಕ್ಕರೆ ಸಾಕು. ಗಿರಣಿಯಲ್ಲಿ ಬೀಸಿಸಿದ ಗೋಧಿ ಹಿಟ್ಟನ್ನು ಒಟ್ಟಿನ ಕಾಲು ಭಾಗದವರೆಗೆ ಸೇರಿಸಬಹುದು. ಅದರ ತವುಡು ಗ್ಲುಟೆನ್ ಎಳೆಗಳನ್ನು ಕತ್ತರಿಸುತ್ತದೆ, ಬೀಸುವಾಗ ಪೆಟ್ಟುಬಿದ್ದ ಪಿಷ್ಟ ನೀರು ಹೆಚ್ಚು ಕುಡಿಯುತ್ತದೆ. ಹೆಚ್ಚು ಹಾಕಿದರೆ ಬ್ರೆಡ್ ಗಟ್ಟಿಯಾಗುತ್ತದೆ.

ಅಲ್ತಾಮುರಾದ ಹಳದಿ ಬ್ರೆಡ್ಡಿಗೆ ಮಾತ್ರ ನಮ್ಮ ಕಡೆ ನಿಜವಾದ ನೆಂಟಸ್ತಿಕೆ ಇದೆ. ಉಪ್ಪಿಟ್ಟಿಗೆ ತರುವ ಅಸಲು ಬನ್ಸಿ ರವೆ ಡ್ಯೂರಮ್ ಗೋಧಿಯದು. ಧಾರವಾಡ, ವಿಜಯಪುರದ ಕಪ್ಪು ನೆಲದಲ್ಲಿ ಹಿಂಗಾರಿಗೆ ಡ್ಯೂರಮ್ ಬೆಳೆಯುತ್ತ ಬಂದಿದ್ದಾರೆ. ಅಲ್ತಾಮುರಾದಲ್ಲಿ ಬಳಸುವುದು ಡ್ಯೂರಮ್ ರವೆಯನ್ನು ಇನ್ನೊಮ್ಮೆ ಬೀಸಿದ ನಯವಾದ ಹಿಟ್ಟನ್ನು. ನಾನು ಬನ್ಸಿ ರವೆಯನ್ನು ಓಣಿಯ ಗಿರಣಿಯಲ್ಲಿ ಮತ್ತೆ ಸಣ್ಣಗೆ ಬೀಸಿಸಿ, ಬೆಳಗಿನ 300 ಗ್ರಾಮಿನಲ್ಲಿ 100 ಗ್ರಾಂ ಅದನ್ನೇ ಹಾಕುತ್ತೇನೆ. ತಿರುಳಿಗೆ ತೆಳು ಹಳದಿ ಬಣ್ಣ, ಮೂರನೆಯ ದಿನಕ್ಕೂ ಒಣಗದ ಗುಣ. ನೀರು ತುಸು ಹೆಚ್ಚು ಕೇಳುತ್ತದೆ. ಉತ್ತರ ಕರ್ನಾಟಕದ ಖಪ್ಲಿ ಗೋಧಿಯೂ ಹಾಗೆಯೇ, ಇಟಲಿಯವರು ಫರ್ರೊ ಎಂದು ಕರೆದು ಮೆಚ್ಚುವ ಧಾನ್ಯದ ಜಾತಿಗೇ ಸೇರಿದ್ದು. ಅದರ ಗ್ಲುಟೆನ್ ದುರ್ಬಲ, ಐದರಲ್ಲಿ ಒಂದು ಪಾಲು ಮೀರದಿರಲಿ.

ಬ್ರೆಡ್ ನಡುವೆ ಕುಸಿದರೆ ಹೆಚ್ಚಿನ ಸಲ ಕಾರಣ ಸೆಕೆ. ಯಂತ್ರದ ಕಾಲ ನಿಗದಿಯಾದದ್ದು, ನಮ್ಮ ಅಡುಗೆಮನೆಯ ಶಾಖ ನಿಗದಿಯಾದದ್ದಲ್ಲ. ನಾದುವ ತಿಕ್ಕಾಟಕ್ಕೂ ಹಿಟ್ಟು ಬಿಸಿಯಾಗುತ್ತದೆ. ಬೇಸಿಗೆಯಲ್ಲಿ ಫ್ರಿಜ್ಜಿನ ನೀರು ಹಾಕಿ, ಯೀಸ್ಟ್ ಕಡಿಮೆ ಮಾಡಿ. ನಾದಿದ ಹಿಟ್ಟು 24ರಿಂದ 26 ಡಿಗ್ರಿ ಇದ್ದರೆ ಚೆನ್ನ. ಹಿಟ್ಟು ಉಬ್ಬಲೇ ಇಲ್ಲವೆಂದರೆ ಯೀಸ್ಟ್ ಹಳೆಯದು. ತೆರೆದ ಪೊಟ್ಟಣವನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿಡಿ.

ಅಮೆರಿಕದಿಂದ ಯಂತ್ರ ತಂದವರಿಗೆ ಒಂದು ಎಚ್ಚರಿಕೆ. ಅದು 120 ವೋಲ್ಟಿನದು, ನಮ್ಮ ಗೋಡೆಯಲ್ಲಿರುವುದು 230. ನೇರವಾಗಿ ಚುಚ್ಚಿದರೆ ಅಲ್ಲಿಗೆ ಮುಗಿಯಿತು. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು, ಯಂತ್ರದ ಮೇಲೆ ಬರೆದ ವ್ಯಾಟಿಗಿಂತ ಸಾಕಷ್ಟು ಹೆಚ್ಚಿನ ಸಾಮರ್ಥ್ಯದ್ದು. ವೈನಿ ತಂದ ಯಂತ್ರ ಹಾಗೆಯೇ ನಡೆಯುತ್ತಿದೆ.

ದುಂಡು ಮಾಡುವುದು, ಗೀರು ಹಾಕುವುದು ಕಷ್ಟವೆನಿಸಿದರೆ ಫೊಕಾಚಾದಿಂದ ಶುರು ಮಾಡಿ. ಜಿನೋವಾ ಬಂದರಿನ ಜನ ಬೆಳಿಗ್ಗೆ ಕಾಫಿಯಲ್ಲಿ ಅದ್ದಿಯೂ ತಿನ್ನುವ ಚಪ್ಪಟೆ ಬ್ರೆಡ್ ಇದು. ಇದೇ ಹಿಟ್ಟಿಗೆ ನೀರು 30 ಗ್ರಾಂ ಹೆಚ್ಚಿಸಿ. ಯಂತ್ರದಿಂದ ತೆಗೆದು ಎಣ್ಣೆ ಧಾರಾಳವಾಗಿ ಸವರಿದ ತಟ್ಟೆಗೆ ಹಾಕಿ, ಬೆರಳ ತುದಿಯಿಂದ ಅಂಚಿನವರೆಗೆ ಹರಡಿ, ಅರ್ಧ ತಾಸು ಬಿಟ್ಟು, ಮತ್ತೆ ಬೆರಳಿಂದ ಆಳವಾಗಿ ಗುಳಿ ಒತ್ತಿ. ನೀರು, ಆಲಿವ್ ಎಣ್ಣೆ, ಉಪ್ಪು ಕದಡಿ ಆ ಗುಳಿಗಳಿಗೆ ಹುಯ್ಯಿರಿ. ಜಿನೋವಾದವರ ಗುಟ್ಟು ಈ ಉಪ್ಪುನೀರು. 220 ಡಿಗ್ರಿಯಲ್ಲಿ 20–25 ನಿಮಿಷ. ನಮ್ಮ ಮನೆಯಲ್ಲಿ ಅವ್ವನಿಗೆ ಹಿಡಿಸಿದ್ದು ಇದೇ. ಗುಳಿ ಒತ್ತುವ ಕೆಲಸವನ್ನು ಈಗ ಆಕೆ ಯಾರಿಗೂ ಬಿಟ್ಟುಕೊಡುವುದಿಲ್ಲ.

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಈ ಯಂತ್ರ ಅಟ್ಟ ಸೇರಿದೆ, ಬೇಕರಿಯ ಬ್ರೆಡ್ಡೇ ಇದಕ್ಕಿಂತ ಅಗ್ಗ, ಇದಕ್ಕಿಂತ ಮೆತ್ತಗೆ ಎಂಬ ಕಾರಣಕ್ಕೆ. ಆ ಲೆಕ್ಕ ಮೆತ್ತನೆಯ ಬ್ರೆಡ್ಡಿಗೆ ಸರಿ. ದಯವಿಟ್ಟು ಒಮ್ಮೆ ಕೆಳಗಿಳಿಸಿ, ರೆಕ್ಕೆ ತೊಳೆದು ನೋಡಿ. ಶನಿವಾರ ರಾತ್ರಿ ಒಂಬತ್ತಕ್ಕೆ ಬಿಗಾ ಕಲಸಿಟ್ಟು ಮಲಗಿ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಯಂತ್ರಕ್ಕೆ ಹಾಕಿದರೆ ಹತ್ತರ ಹೊತ್ತಿಗೆ ಹಿಟ್ಟು ಕೈಗೆ ಬರುತ್ತದೆ, ಹನ್ನೊಂದರ ಒಳಗೆ ಒಲೆಗೆ, ಹನ್ನೊಂದೂವರೆಗೆ ಹೊರಗೆ. ಜಾಲರಿಯ ಮೇಲೆ ಇಟ್ಟಾಗ ಹೊರಪದರ ಸಣ್ಣಗೆ ಚಿಟಪಟ ಎನ್ನುವುದು ಕೇಳುತ್ತದೆ. ಒಳಗಿನ ಪಿಷ್ಟ ಇನ್ನೂ ಗಟ್ಟಿಯಾಗುತ್ತಿರುತ್ತದೆ, ಬಿಸಿಯಲ್ಲಿ ಕೊಯ್ದರೆ ತಿರುಳು ಚಾಕುವಿಗೆ ಮೆತ್ತಿಕೊಳ್ಳುತ್ತದೆ. ಹನ್ನೆರಡೂವರೆಯ ತನಕ ಚಾಕು ಮುಟ್ಟಬೇಡಿ.